ಗಂಟಲಲ್ಲೇ ಹಾಡಿದವಳು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗವಿತ್ತು. ಗೋಡೆಯುದ್ದಕ್ಕೂ ನಿಂತ ದೊಡ್ಡ ಯಂತ್ರಗಳು ಬೆಳಗಿನಿಂದ ಸಂಜೆಯವರೆಗೆ ರೋಗಿಗಳ ಹಾಸಿಗೆ ಬಟ್ಟೆಗಳನ್ನು ಹೊಟ್ಟೆಯೊಳಗೆ ತಿರುವಿ ಹಾಕುತ್ತ ಗುಡುಗುತ್ತಿದ್ದವು. ಅವುಗಳ ಆಚೆ ಒಣಗಿಸುವ ಯಂತ್ರಗಳು, ಅವುಗಳಿಂದಾಚೆ ಹಬೆ ಬುಸುಗುಡುವ ಇಸ್ತ್ರಿ ಉರುಳೆಗಳು. ಅಲ್ಲಿಯ ಹೆಂಗಸರು ಬೇಕಾದದ್ದನ್ನೆಲ್ಲ ಕೈಸನ್ನೆಯಲ್ಲೇ ಹೇಳಿಕೊಳ್ಳುತ್ತಿದ್ದರು. ಆ ಗದ್ದಲದ ಮೇಲೆ ಕೇಳಿಸುತ್ತಿದ್ದದ್ದು ಒಬ್ಬಳ ದನಿ ಮಾತ್ರ. ಒದ್ದೆ ಚಾದರಗಳನ್ನು ಕೊಡವಿ ಉರುಳೆಗೆ ಕೊಡುತ್ತಲೇ ಅವಳು ಹಾಡುತ್ತಿದ್ದಳು. ನಿಲ್ಲಿಸುವುದು ಊಟದ ಹೊತ್ತಿಗೆ, ಅದೂ ಬಾಯಿ ಬೇರೆ ಕೆಲಸಕ್ಕೆ ಬೇಕಾಗುವುದರಿಂದ. ಅವಳನ್ನು ಎಲ್ಲರೂ ರೇಡಿಯೋ ಎಂದೇ ಕರೆಯುತ್ತಿದ್ದರು.

ಮೇಲಿನ ವಾರ್ಡುಗಳಿಂದ ಕೊಳೆ ಬಟ್ಟೆ ಕೆಳಕ್ಕೆ ಜಾರಿ ಬೀಳಲು ಗೋಡೆಯೊಳಗೆ ಅಗಲವಾದ ಕೊಳವೆಯಿತ್ತು. ಬಟ್ಟೆ ಕೆಳಗೆ ಬರುತ್ತಿತ್ತು, ರೇಡಿಯೋಳ ಹಾಡು ಮೇಲೆ ಹೋಗುತ್ತಿತ್ತು. ನರ್ಸುಗಳು ಕೊಳವೆಯ ಮುಚ್ಚಳ ತೆಗೆದು ಸ್ವಲ್ಪ ಹೊತ್ತು ಕೇಳಿ, ಆಮೇಲೆ ಬಟ್ಟೆ ಹಾಕುತ್ತಿದ್ದರಂತೆ. ಈ ಸಂಗತಿಯನ್ನು ಅವಳಿಗೆ ಯಾರು ಹೇಳಿದರೋ, ಅಂದಿನಿಂದ ದನಿ ಇನ್ನೂ ಒಂದು ಮೆಟ್ಟಿಲು ಏರಿತು.

ಹಾಡು ಅವಳಿಗೆ ಚಿಕ್ಕಂದಿನಿಂದ ಬಂದದ್ದು. ಅಪ್ಪ ಸ್ಟೌ ರಿಪೇರಿ ಮಾಡುತ್ತಿದ್ದ. ಅಂಗಡಿಯ ಮೆಟ್ಟಿಲ ಮೇಲೆ ಕೂತು ಅವಳು ಹಾಡುತ್ತಿದ್ದರೆ ದಾರಿಹೋಕರು ನಿಲ್ಲುತ್ತಿದ್ದರು, ನಿಂತವರಲ್ಲಿ ಕೆಲವರಿಗೆ ಮನೆಯ ಕೆಟ್ಟ ಸ್ಟೌ ನೆನಪಾಗುತ್ತಿತ್ತು. ಒಂದು ಸಂಜೆ ಶಾಲೆಯ ಸಂಗೀತದ ಮೇಷ್ಟ್ರು ತಾವಾಗಿಯೇ ಅಂಗಡಿಗೆ ಬಂದರು. ಹುಡುಗಿಯ ದನಿ ಚೆನ್ನಾಗಿದೆ, ಆದರೆ ಬರೀ ಕಿರುಚುತ್ತಾಳೆ, ಈಗಲೇ ಸರಿಯಾದ ಪಾಠ ಸಿಕ್ಕರೆ ಒಳ್ಳೆಯದು, ಸಂಜೆ ಹೊತ್ತು ತಮ್ಮ ಮನೆಗೆ ಕಳಿಸಿ, ಹಣವೇನೂ ಬೇಡ ಎಂದರು. ಅಪ್ಪ ಸ್ಟೌವಿನ ತೂತಿಗೆ ಪಿನ್ನು ಚುಚ್ಚುತ್ತ ತಲೆ ಎತ್ತದೆ ಉತ್ತರ ಕೊಟ್ಟ.

"ಕೋಗಿಲೆಗೆ ಯಾರು ಪಾಠ ಹೇಳ್ಕೊಟ್ರು ಸಾರ್?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಮೇಷ್ಟ್ರು ಹೊರಟುಹೋದರು. ಆ ಮಾತು ಮನೆಯ ಗಾದೆಯಾಯಿತು. ನೆಂಟರು ಬಂದಾಗಲೆಲ್ಲ ಅಪ್ಪ ಅದನ್ನು ಹೇಳುವುದು, ಅವರು ತಲೆದೂಗುವುದು, ಆಮೇಲೆ ಅವಳು ಹಾಡುವುದು. ಹಾಡ್ತಾ ಹಾಡ್ತಾ ರಾಗ ಎಂಬ ಇನ್ನೊಂದು ಗಾದೆಯನ್ನು ಅವಳು ತಾನೇ ಸೇರಿಸಿಕೊಂಡಳು. ಅದರ ಉಳಿದರ್ಧ, ನರಳ್ತಾ ನರಳ್ತಾ ರೋಗ ಎಂಬುದು ಯಾರ ಬಾಯಿಗೂ ಬರಲಿಲ್ಲ.

ಮದುವೆಯಾದದ್ದು ಲಿಫ್ಟ್ ಮೆಕ್ಯಾನಿಕ್ ಒಬ್ಬನನ್ನು. ಮಾತು ಕಡಿಮೆಯ ಮನುಷ್ಯ. ಹೊಸ ಕಟ್ಟಡಕ್ಕೆ ಹೋದರೆ ಮೊದಲು ಲಿಫ್ಟಿನೊಳಗೆ ಕಣ್ಣು ಮುಚ್ಚಿ ನಿಂತು ಮೇಲೆ ಕೆಳಗೆ ಹೋಗಿ ಬರುತ್ತಿದ್ದ, ಎಲ್ಲಿ ಯಾವ ತಂತಿ ಸವೆದಿದೆ ಎಂದು ಸದ್ದಿನಲ್ಲೇ ಹೇಳುತ್ತಿದ್ದ. ಹೆಂಡತಿಯ ಹಾಡಿನ ಬಗ್ಗೆ ಮಾತ್ರ ಅವನು ಚೆನ್ನಾಗಿದೆ ಎಂದೂ ಅನ್ನಲಿಲ್ಲ, ಕೆಟ್ಟದಾಗಿದೆ ಎಂದೂ ಅನ್ನಲಿಲ್ಲ. ಅವಳು ಅದನ್ನು ಅವನ ಸ್ವಭಾವದ ಲೆಕ್ಕಕ್ಕೆ ಹಾಕಿದ್ದಳು.

ಸಭಾಂಗಣಗಳಲ್ಲಿ ವಾದ್ಯ ನುಡಿಸುವ ಸಣ್ಣದೊಂದು ತಂಡ ಅವಳನ್ನು ಕರೆಸಿಕೊಂಡಿತು. ತಂಡದ ಯಜಮಾನ ಕೀಬೋರ್ಡ್ ನುಡಿಸುವವನು, ಅವಳಿಗಿಂತ ವಯಸ್ಸಿನಲ್ಲಿ ಚಿಕ್ಕವನು, ಅಕ್ಕಾ ಅಕ್ಕಾ ಎಂದು ಹಿಂದೆ ಮುಂದೆ ಓಡಾಡುವವನು. ರಜೆಯ ದಿನಗಳಲ್ಲಿ ಮದುವೆ, ಕಂಪನಿಗಳ ವಾರ್ಷಿಕೋತ್ಸವ, ಯಾರದೋ ಹುಟ್ಟುಹಬ್ಬ. ಅವಳಿಗೆ ಹೆಸರು ತಂದ ಒಂದು ಹಾಡಿತ್ತು. ಅದರ ಕೊನೆಯಲ್ಲಿ ದನಿ ಮೆಟ್ಟಿಲು ಮೆಟ್ಟಿಲಾಗಿ ಏರಿ ತುತ್ತತುದಿಯಲ್ಲಿ ನಿಲ್ಲಬೇಕು. ಅವಳು ಕಣ್ಣು ಮುಚ್ಚಿ, ಕತ್ತಿನ ನರ ಉಬ್ಬಿಸಿ, ಮುಷ್ಟಿ ಕಟ್ಟಿ ಅಲ್ಲಿಗೆ ಹೋಗಿ ಮುಟ್ಟುತ್ತಿದ್ದಳು. ಡ್ರಮ್ಮು ಧಡಧಡ ಎನ್ನುತ್ತಿತ್ತು, ಜನ ಎದ್ದು ನಿಲ್ಲುತ್ತಿದ್ದರು.

ಮರುದಿನ ಬೆಳಿಗ್ಗೆ ದನಿ ಬಿದ್ದಿರುತ್ತಿತ್ತು. ಬಿಸಿನೀರು, ಜೇನು, ಕುತ್ತಿಗೆಗೆ ಸುತ್ತಿದ ಬಟ್ಟೆ. ಮಧ್ಯಾಹ್ನದ ಹೊತ್ತಿಗೆ ಸ್ವಲ್ಪ ತೆರೆದುಕೊಂಡ ಮೇಲೆ ಯಂತ್ರಗಳ ಸದ್ದಿನ ಮೇಲೆ ಮತ್ತೆ ಹಾಡು. ದನಿ ಬಿದ್ದಿದೆ ಎಂದರೆ ಹಾಡಿ ಎಬ್ಬಿಸಬೇಕು ಎಂಬುದು ಅವಳ ವೈದ್ಯ. ಹೀಗೆ ವರ್ಷಗಳು ಹೋದವು. ಬೆಳಗಿನ ಒರಟುತನ ಮಧ್ಯಾಹ್ನಕ್ಕೆ, ಮಧ್ಯಾಹ್ನದ್ದು ಸಂಜೆಗೆ ಜರುಗಿತು. ತುದಿಯ ಸ್ವರವನ್ನು ಮುಟ್ಟಲು ಮೊದಲು ಮುಷ್ಟಿ ಸಾಕಾಗುತ್ತಿತ್ತು, ಆಮೇಲೆ ಹಿಮ್ಮಡಿಯನ್ನೂ ಎತ್ತಬೇಕಾಯಿತು.

ಮುರಿದದ್ದು ಅದೇ ಆಸ್ಪತ್ರೆಯ ವಾರ್ಷಿಕೋತ್ಸವದಲ್ಲಿ. ಮುಂದಿನ ಸಾಲಿನಲ್ಲಿ ದೊಡ್ಡ ಡಾಕ್ಟರುಗಳು, ಹಿಂದೆ ನರ್ಸುಗಳು, ಗೋಡೆಗೆ ಒರಗಿ ಒಗೆಯುವ ವಿಭಾಗದವರು. ಕೊಳವೆಯಲ್ಲಿ ಕೇಳಿದ ದನಿಯ ಮುಖ ನೋಡಲು ಎಲ್ಲರೂ ಬಂದಿದ್ದರು. ಅವಳು ಆ ಹಾಡನ್ನೇ ಎತ್ತಿಕೊಂಡಳು. ಮೆಟ್ಟಿಲು ಏರಿದಳು, ತುದಿಗೆ ಬಂದಳು, ಬಾಯಿ ತೆರೆದಳು. ಗಾಳಿ ಬಂತು. ದನಿ ಬರಲಿಲ್ಲ. ಇನ್ನೊಮ್ಮೆ ಪ್ರಯತ್ನಪಟ್ಟಾಗ ಬಾಗಿಲ ತಿರುಗಣೆಯ ಹಾಗೆ ಕಿರ್ರೆಂದು ಏನೋ ಸದ್ದಾಯಿತು. ಕೀಬೋರ್ಡಿನವನು ಜೋರಾಗಿ ನುಡಿಸಿ ಹಾಡನ್ನು ಹೇಗೋ ದಡ ಸೇರಿಸಿದ. ಜನ ಚಪ್ಪಾಳೆ ತಟ್ಟಿದರು, ಮೊದಲಿಗಿಂತ ಜೋರಾಗಿಯೇ ತಟ್ಟಿದರು. ಆ ಕರುಣೆಯ ಚಪ್ಪಾಳೆ ಅವಳಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ದೃಷ್ಟಿಯಾಗಿರಬೇಕು, ತಂಪು ಕುಡಿದಿರಬೇಕು ಎಂದು ಸಮಾಧಾನ ಹೇಳಲು ಬಂದವರನ್ನು ತಳ್ಳಿಕೊಂಡೇ ಅವಳು ಹೊರಗೆ ನಡೆದಳು.

ಗಂಟಲಿನ ಡಾಕ್ಟರ್ ಅದೇ ಆಸ್ಪತ್ರೆಯವರು. ಮೂಗಿನಿಂದ ತೆಳ್ಳನೆಯ ಕೊಳವೆ ಇಳಿಸಿ ಪರದೆಯ ಮೇಲೆ ತೋರಿಸಿದರು. ದನಿ ಹೊರಡುವ ಎರಡು ಮಡಿಕೆಗಳ ಅಂಚಿನಲ್ಲಿ ಎದುರುಬದುರಾಗಿ ಎರಡು ಗಂಟುಗಳು. ಕೆಲಸದವರ ಅಂಗೈಯಲ್ಲಿ ಜಡ್ಡು ಕಟ್ಟುತ್ತದಲ್ಲ, ಹಾಗೆ ಎಂದರು. ಕೂಗಿ ಕೂಗಿ ಆದದ್ದು. ನಾನು ಕೂಗುವುದಿಲ್ಲ, ಹಾಡುತ್ತೇನೆ ಎಂದು ಅವಳು ಹೇಳಿದಳು. ಡಾಕ್ಟರ್ ಅದಕ್ಕೆ ವಾದ ಮಾಡದೆ, ಸದ್ಯಕ್ಕೆ ಮಾತೂ ಬೇಡ, ಪಿಸುಮಾತೂ ಬೇಡ ಎಂದು ಬರೆದುಕೊಟ್ಟರು.

ರೇಡಿಯೋ ಬಂದ್ ಆಯಿತು. ವಿಭಾಗದಲ್ಲಿ ಅವಳು ಚಾದರ ಕೊಡವುತ್ತ ಹಲ್ಲು ಕಚ್ಚಿ ನಿಲ್ಲುತ್ತಿದ್ದಳು. ಮನೆಯಲ್ಲಿ ಗಂಡ ಒಂದು ದಿನ, ಮದುವೆಯಾದ ಮೇಲೆ ಮೊದಲ ಸಲ ಗಡಿಯಾರದ ಸದ್ದು ಕೇಳಿಸುತ್ತಿದೆ ಎಂದ. ಅವಳು ಕೈಗೆ ಸಿಕ್ಕ ಚಮಚ ಎಸೆದಳು. ಬೈಯಲೂ ಬಾಯಿ ಇಲ್ಲದ ಸಂಕಟ ಯಾವ ಶತ್ರುವಿಗೂ ಬೇಡ.

ಊತ ಇಳಿದ ಮೇಲೆ ಡಾಕ್ಟರ್ ಅವಳನ್ನು ಒಬ್ಬ ಹಾಡಿನ ಟೀಚರ್ ಹತ್ತಿರ ಕಳಿಸಿದರು. ಕೀಲಿಕೈ ಮಾಡುವವನ ಅಂಗಡಿಯ ಮೇಲಿನ ಕೋಣೆ. ಟೀಚರ್ ವಯಸ್ಸಾದ, ಒಣಕಲು ಮೈಯ ಹೆಂಗಸು. ಗಂಟಲು ಕೆಟ್ಟ ಹಾಡುಗಾರರನ್ನು, ಪಾಠ ಮಾಡಿ ಮಾಡಿ ದನಿ ಕಳಕೊಂಡ ಮೇಷ್ಟ್ರುಗಳನ್ನು ರಿಪೇರಿ ಮಾಡುವುದೇ ಆಕೆಯ ಕೆಲಸ. ಕೋಣೆಯಲ್ಲಿ ಒಂದು ಹಳೆಯ ಹಾರ್ಮೋನಿಯಂ, ಒಂದು ಚಾಪೆ, ಆಳೆತ್ತರದ ಕನ್ನಡಿ. ಇಷ್ಟು ವರ್ಷ ಸಭೆಗಳಲ್ಲಿ ಹಾಡಿದ್ದೇನೆ ಎಂದು ರೇಡಿಯೋ ಶುರುಮಾಡಿದಳು. ಟೀಚರ್ ಕೇಳಿಸಿಕೊಂಡು, ಚಾಪೆ ಮೇಲೆ ಮಲಗು ಎಂದರು.

ಮಲಗಿಸಿ ಹೊಟ್ಟೆಯ ಮೇಲೆ ಒಂದು ದಪ್ಪ ಪುಸ್ತಕ ಇಟ್ಟರು. ಉಸಿರು ತೆಗೆದುಕೊಂಡಾಗ ಪುಸ್ತಕ ಮೇಲೇಳಬೇಕು, ಬಿಟ್ಟಾಗ ನಿಧಾನವಾಗಿ ಇಳಿಯಬೇಕು. ಅವಳ ಪುಸ್ತಕ ಅಲುಗಲೇ ಇಲ್ಲ, ಭುಜ ಮಾತ್ರ ಕಿವಿಯವರೆಗೆ ಹೋಯಿತು. ಆ ದಿನದ ಪಾಠ ಅಷ್ಟೇ. ಮುಂದಿನ ಸಲವೂ ಅಷ್ಟೇ. ಆಮೇಲೆ ಮಕ್ಕಳು ಬಸ್ಸು ಓಡಿಸುವಾಗ ಮಾಡುವ ಹಾಗೆ ತುಟಿ ಸೇರಿಸಿ ಬುರ್ರೆನ್ನುವುದು. ಆಮೇಲೆ ಬಾಯಿ ಮುಚ್ಚಿ ಮೆಲ್ಲಗೆ ಗುಂಯ್ ಎನ್ನುವುದು, ಒಂದೇ ಸ್ವರ, ಹಾರ್ಮೋನಿಯಂನಲ್ಲಿ ಬೆರಳೊತ್ತುವ ಒಂದೇ ಮನೆ. ಹಾಡು ಯಾವಾಗ ಎಂದು ಕೇಳಿದರೆ, ನೋಡೋಣ ಎಂಬ ಉತ್ತರ.

ಅವಳಿಗೆ ಮೈಯೆಲ್ಲ ಉರಿಯಿತು. ಒಂದು ಸಂಜೆ ಚಾಪೆಯಿಂದ ಎದ್ದು ಕೂತು, ಅಪ್ಪನ ಮಾತನ್ನೇ ಎತ್ತಿ ಹೇಳಿದಳು. ಹಾಡು ಒಳಗಿಂದ ಬರಬೇಕು, ಕೋಗಿಲೆ ಯಾವ ಪಾಠಕ್ಕೆ ಹೋಗಿತ್ತು?

"ಕೋಗಿಲೆ ಹುಟ್ಟಿದಾಗಿಂದ ಸಾಯೋ ತನಕ ಒಂದೇ ಹಾಡು ಹಾಡುತ್ತಮ್ಮ," ಎಂದರು ಟೀಚರ್. "ಅದೂ ಮಷೀನ್ ಮುಂದೆ ನಿಂತು ಹಾಡಲ್ಲ. ಹಾಡ್ತಾ ಹಾಡ್ತಾ ರಾಗ ಅಂತಾರೆ, ನಿಜ. ತಪ್ಪಾಗಿ ಹಾಡ್ತಾ ಹಾಡ್ತಾ ರೋಗಾನೂ ಬರುತ್ತೆ. ಮಲಕ್ಕೋ."

ಮಲಗಲಿಲ್ಲ. ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದು ಹೋದಳು. ನೇರವಾಗಿ ಕೀಬೋರ್ಡಿನವನ ಬಳಿಗೆ ಹೋಗಿ, ದನಿ ಸರಿಹೋಗಿದೆ, ಕಾರ್ಯಕ್ರಮ ಇದ್ದರೆ ಹೇಳು ಎಂದಳು. ಒಂದು ಮದುವೆಯಲ್ಲಿ ಹಾಡಿದಳು, ಇನ್ನೊಂದರಲ್ಲೂ ಹಾಡಿದಳು. ಮೂರನೆಯದರ ಹೊತ್ತಿಗೆ ಮಾತು ಕೂಡ ಗೊಗ್ಗರಾಯಿತು. ಡಾಕ್ಟರ್ ಮತ್ತೆ ಕೊಳವೆ ಇಳಿಸಿ ನೋಡಿದರು. ಬೈಯಲಿಲ್ಲ. ಇನ್ನೊಂದು ಸಲ ಹೀಗಾದರೆ ಕುಯ್ಯಬೇಕಾಗುತ್ತದೆ, ಕುಯ್ದ ಮೇಲೆ ಹೇಗಿರುತ್ತದೋ ಹೇಳಲಾರೆ ಎಂದರು.

ಮೌನದ ದಿನಗಳು ಇನ್ನೊಮ್ಮೆ ಮುಗಿದ ಮೇಲೆ ಅವಳು ತಲೆ ತಗ್ಗಿಸಿಕೊಂಡು ಕೀಲಿಕೈ ಅಂಗಡಿಯ ಮೆಟ್ಟಿಲು ಹತ್ತಿದಳು. ಟೀಚರ್ ಒಂದು ಮಾತು ಕೊಂಕಾಡಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಆಕೆ ಅದಕ್ಕೂ ಅವಕಾಶ ಕೊಡಲಿಲ್ಲ. ಪುಸ್ತಕ ತೆಗೆದು ಕೊಟ್ಟರು. ಮತ್ತೆ ಮೊದಲಿಂದ.

ಹೊಟ್ಟೆಯ ಉಸಿರು ಸ್ವಲ್ಪ ಹಿಡಿತಕ್ಕೆ ಬಂದ ಮೇಲೆ ಟೀಚರ್ ಒಂದು ದಿನ, ನಿನ್ನ ಹಾಡಿನ ಹಳೆಯ ರೆಕಾರ್ಡಿಂಗ್ ಇದ್ದರೆ ತಾ ಎಂದರು. ಇಲ್ಲದೆ ಏನು? ಒಂದು ಮದುವೆಯಲ್ಲಿ ಯಾರೋ ಮಾಡಿದ್ದು ಅವಳ ಫೋನಿನಲ್ಲೇ ಇತ್ತು. ಟೀಚರ್ ಹಾಡನ್ನು ಕೊನೆಯ ಮೆಟ್ಟಿಲುಗಳವರೆಗೆ ಬಿಟ್ಟು, ಅಲ್ಲಿಂದ ಹಾರ್ಮೋನಿಯಂನಲ್ಲಿ ಒಂದೊಂದೇ ಸ್ವರ ಹಿಡಿದು ಜೊತೆಗೆ ಕೇಳಿಸಿದರು. ಹಾಗೇ ಮೂರು ಸಲ ಹಾಕಿದರು. ಮೊದಲ ಸಲ ಅವಳಿಗೆ ಗೊತ್ತಾಗಲಿಲ್ಲ. ಎರಡನೆಯ ಸಲ ಏನೋ ಇರುಸುಮುರುಸಾಯಿತು. ಮೂರನೆಯ ಸಲ ಸ್ಪಷ್ಟವಾಗಿ ಕೇಳಿಸಿತು. ಹಾರ್ಮೋನಿಯಂ ಒಂದು ಕಡೆ ನಿಂತಿತ್ತು, ಅವಳ ದನಿ ಅದರ ಕೆಳಗೆ ಜೋತುಬಿದ್ದಿತ್ತು. ಎಷ್ಟು ಒದ್ದಾಡಿದರೂ ತುದಿಯನ್ನು ಮುಟ್ಟಿರಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದ ಅದೇ ಸ್ವರ.

ಅವಳು ಅಲ್ಲಿಂದ ಕೀಬೋರ್ಡಿನವನ ಮನೆಗೆ ಹೋದಳು. ಅವನು ವೈರುಗಳನ್ನು ಸುರುಳಿ ಸುತ್ತುತ್ತ ಜಗಲಿಯ ಮೇಲೆ ಕೂತಿದ್ದ. ಶ್ರುತಿ ತಪ್ಪುತ್ತಿದ್ದದ್ದು ನಿನಗೆ ಗೊತ್ತಿತ್ತೇ ಎಂದು ಕೇಳಿದಳು. ಅವನು ವೈರಿನ ಗಂಟು ಬಿಡಿಸತೊಡಗಿದ.

"ಗೊತ್ತಿತ್ತು ಅಕ್ಕ. ಮೊದಲನೇ ದಿನದಿಂದ ಗೊತ್ತಿತ್ತು. ಆ ಜಾಗ ಬಂದಾಗ ಡ್ರಮ್ಮಿನವನಿಗೆ ಕಣ್ಣು ಹೊಡೀತಿದ್ದೆ. ಅವನು ಜೋರಾಗಿ ಬಾರಿಸ್ತಿದ್ದ."

"ನನಗೆ ಯಾಕೆ ಹೇಳ್ಲಿಲ್ಲ?"

"ಜನಕ್ಕೆ ನಿಮ್ಮ ಜೋರು ಬೇಕಿತ್ತು. ಹೇಳಿದ್ರೆ ನೀವು ಅಳುಕ್ತಿದ್ರಿ. ಅಳುಕಿದ್ರೆ ಆ ಜೋರು ಹೋಗ್ತಿತ್ತು."

ಡ್ರಮ್ಮು ಧಡಧಡ ಎನ್ನುತ್ತಿದ್ದದ್ದು ತನ್ನ ಗೆಲುವಿಗೆ ಎಂದುಕೊಂಡಿದ್ದಳು. ಅದು ಹರಿದ ಬಟ್ಟೆಗೆ ಹಾಕಿದ ತೇಪೆ. ಮನೆಗೆ ಬಂದು ಗಂಡನ ಮುಂದೆ ಎಲ್ಲವನ್ನೂ ಕಾರಿಕೊಂಡಳು. ಹೊಗಳಿದವರು, ಚಪ್ಪಾಳೆ ತಟ್ಟಿದವರು, ಮುಚ್ಚಳ ತೆಗೆದು ಕೇಳಿದವರು, ಎಲ್ಲರೂ ಸೇರಿ ತನ್ನ ಗಂಟಲು ಹಾಳುಮಾಡಿದರು ಎಂದಳು. ಆಮೇಲೆ ತಟ್ಟನೆ ಅವನ ಕಡೆ ತಿರುಗಿದಳು.

"ಲಿಫ್ಟಲ್ಲಿ ಒಂದು ನಟ್ಟು ಸಡಿಲ ಆದ್ರೂ ನಿಮಗೆ ಕೇಳಿಸುತ್ತೆ. ನನ್ನದು ಕೇಳಿಸಿರ್ಲಿಲ್ವಾ?"

"ಕೇಳಿಸ್ತಿತ್ತು," ಎಂದ ಅವನು. "ನೀನು ಕೇಳ್ಲಿಲ್ಲ."

ಆ ವಾರ ಅವರಿಬ್ಬರ ನಡುವೆ ಮಾತಿರಲಿಲ್ಲ. ಈ ಸಲದ ಮೌನವನ್ನು ಯಾವ ಡಾಕ್ಟರೂ ಬರೆದುಕೊಟ್ಟಿರಲಿಲ್ಲ.

ಉಳಿದದ್ದು ಅಪ್ಪ. ಈಗ ಮುದುಕನಾಗಿ ಅವಳ ಅಣ್ಣನ ಮನೆಯಲ್ಲಿದ್ದ, ಅಂಗಡಿ ಹೋಗಿದ್ದರೂ ಅಕ್ಕಪಕ್ಕದವರ ಸ್ಟೌಗಳನ್ನು ತಂದು ಬಿಚ್ಚಿಕೊಂಡು ಕೂರುತ್ತಿದ್ದ. ಅವಳು ಎದುರಿಗೆ ಮಣೆ ಎಳೆದುಕೊಂಡು ಕೂತು, ಸಂಗೀತದ ಮೇಷ್ಟ್ರು ಬಂದು ಕೇಳಿದಾಗ ಯಾಕೆ ಕಳಿಸಲಿಲ್ಲ ಎಂದಳು. ಅಪ್ಪ ನಗುತ್ತ ಕೋಗಿಲೆಯ ಮಾತು ತೆಗೆದ. ಅದು ಬೇಡಪ್ಪ, ನಿಜ ಹೇಳು ಎಂದಳು. ಮುದುಕ ಸ್ಟೌವಿನ ಬತ್ತಿಯನ್ನು ಮೇಲೆ ಕೆಳಗೆ ಮಾಡತೊಡಗಿದ.

"ನೀನು ಹಾಡಿದ್ರೆ ಜನ, ಸ್ಟೌ ರಿಪೇರಿಯವನ ಮಗಳು ಅಂತಿದ್ರು," ಎಂದ ಕೊನೆಗೆ. "ಅವರ ಹತ್ರ ಕಲಿತಿದ್ರೆ, ಮೇಷ್ಟ್ರ ಶಿಷ್ಯೆ ಅಂತಿದ್ರು."

ಅವಳಿಗೆ ಕೂಗಬೇಕೆನಿಸಿತು. ಕೂಗಬಾರದೆಂದು ಡಾಕ್ಟರ್ ಹೇಳಿದ್ದರು. ಕೂಗಿದ್ದರೂ ಯಾರ ಮೇಲೆ? ಬತ್ತಿ ಸರಿಮಾಡಲಾರದೆ ಕೂತ ಮುದುಕನ ಮೇಲೆಯೇ? ಬತ್ತಿಯನ್ನು ತಾನೇ ಕಸಿದುಕೊಂಡು ಏರಿಸಿ ಕೊಟ್ಟು ಎದ್ದು ಬಂದಳು.

ಅದಾದ ಮೇಲೆ ಅವಳು ಪಾಠ ತಪ್ಪಿಸಲಿಲ್ಲ. ಪ್ರೀತಿಯಿಂದ ಹೋಗುತ್ತಿದ್ದಳು ಎಂದರೆ ಸುಳ್ಳಾಗುತ್ತದೆ, ಸಾಲ ಕೊಟ್ಟವರ ಮನೆಗೆ ಹೋಗುವವಳ ಹಾಗೆ ಹೋಗುತ್ತಿದ್ದಳು. ಕನ್ನಡಿಯ ಮುಂದೆ ನಿಂತು ದವಡೆ ಸಡಿಲ ಬಿಡುವುದು, ಭುಜ ಕೆಳಗೆ ಬಿಡುವುದು, ಮುಷ್ಟಿ ಕಟ್ಟಿಕೊಂಡರೆ ಟೀಚರ್ ಬಂದು ಬೆರಳು ಬೆರಳಾಗಿ ಬಿಡಿಸುವುದು. ವರ್ಷಗಟ್ಟಲೆ ಕಲಿತ ತಪ್ಪು ಮೈಯಲ್ಲಿ ಇಳಿದುಹೋಗಿತ್ತು. ಒಂದು ಕಡೆ ಬಿಡಿಸಿದರೆ ಇನ್ನೊಂದು ಕಡೆ ಗಂಟು ಬೀಳುತ್ತಿತ್ತು. ಏನೂ ಕಲಿಯದ ಮಗುವಾದರೆ ಇಷ್ಟು ಕಷ್ಟವಿಲ್ಲ ಎಂದು ಟೀಚರ್ ಒಮ್ಮೆ ಸುಸ್ತಾಗಿ ಹೇಳಿಬಿಟ್ಟರು. ಅವಳು ದಾರಿಯುದ್ದಕ್ಕೂ ಆ ಮಾತನ್ನೇ ಅಗಿಯುತ್ತ ಮನೆಗೆ ಹೋದಳು.

ಬೇಸಿಗೆಯ ಒಂದು ಮಧ್ಯಾಹ್ನ, ಕೆಳಗೆ ಕೀಲಿಕೈ ಉಜ್ಜುವ ಯಂತ್ರ ಕರ್ರೆನ್ನುತ್ತಿರುವಾಗ, ಅವಳು ಎಂದಿನಂತೆ ಬಾಯಿ ಮುಚ್ಚಿ ಗುಂಯ್ ಎನ್ನುತ್ತ ಒಂದೊಂದೇ ಸ್ವರ ಏರುತ್ತಿದ್ದಳು. ಟೀಚರ್ ಬಾಯಿ ತೆರೆ ಎಂದು ಸನ್ನೆ ಮಾಡಿದರು. ತೆರೆದಳು. ದನಿ ಹೊರಟಿತು. ಮೆಲ್ಲಗಿತ್ತು, ನೆಟ್ಟಗಿತ್ತು. ಕತ್ತಿಗೆ ಗೊತ್ತಾಗಲಿಲ್ಲ, ಗಂಟಲಿಗೆ ಗೊತ್ತಾಗಲಿಲ್ಲ. ನೀರು ಸುರಿದ ಹಾಗೆ ಸುಮ್ಮನೆ ಬರುತ್ತಿತ್ತು. ಉಸಿರು ಮುಗಿದಾಗ ನಿಂತಿತು. ಅದು ಯಾವ ಸ್ವರ ಎಂದು ಕೇಳಿದಳು. ಟೀಚರ್ ಹಾರ್ಮೋನಿಯಂನ ಮನೆಯನ್ನು ಬೆರಳಲ್ಲಿ ತೋರಿಸಿದರು. ಅವಳಿಗೆ ಹೆಸರು ತಂದ ಹಾಡಿನ ತುದಿಗಿಂತ ಒಂದೇ ಮನೆ ಕೆಳಗೆ.

"ಇಷ್ಟೇನಾ?" ಎಂದಳು.

ಟೀಚರಿಗೆ ಖುಷಿಯಾಗಿತ್ತು. ಹೌದಮ್ಮ, ಇಷ್ಟೇ ಎಂದರು.

ಅವಳು ಚಾಪೆಯ ಮೇಲೆ ಕುಸಿದು ಕೂತು ಅತ್ತಳು. ಟೀಚರ್ ಅದನ್ನು ಸಂತೋಷದ ಅಳು ಎಂದುಕೊಂಡು ನೀರು ತಂದುಕೊಟ್ಟರು. ಅದು ಸಿಟ್ಟಿನ ಅಳು. ಇದು ಇಷ್ಟು ಸುಲಭವಾಗಿತ್ತಲ್ಲ. ಒಂದು ಬಾಗಿಲನ್ನು ಅರ್ಧ ಆಯುಷ್ಯ ಭುಜ ಕೊಟ್ಟು ನೂಕಿ, ಮೂಳೆ ಮುರಿದುಕೊಂಡ ಮೇಲೆ, ಅದು ತನ್ನ ಕಡೆಗೆ ಎಳೆಯಬೇಕಾದ ಬಾಗಿಲು ಎಂದು ಗೊತ್ತಾದರೆ ಯಾರಿಗೆ ಖುಷಿಯಾಗುತ್ತದೆ? ಬಾಲ್ಯದಲ್ಲಿ ಯಾರಾದರೂ ಸಂಜೆ ಹೊತ್ತು ಕೂರಿಸಿಕೊಂಡು ಹೇಳಿಕೊಡಬಹುದಾಗಿದ್ದ ವಿಷಯ. ಹೇಳಿಕೊಡುತ್ತೇನೆಂದು ಬಂದೂ ಇದ್ದರು.

ಅಲ್ಲಿಂದ ಮುಂದೆ ದನಿ ಸುಧಾರಿಸಿತು, ಆದರೆ ತುದಿಯ ಆ ಕೊನೆಯ ಮನೆ ಬರಲಿಲ್ಲ. ಗಂಟು ಕರಗಿದ ಜಾಗದಲ್ಲಿ ಮಡಿಕೆ ಗಡುಸಾಗಿದೆ, ಇದ್ದದ್ದರಲ್ಲಿ ಹಾಡಿಕೊಳ್ಳಿ ಎಂದು ಡಾಕ್ಟರ್ ಹೇಳಿದರು. ವಿಭಾಗದಲ್ಲಿ ಯಂತ್ರಗಳ ಸದ್ದಿನ ಮೇಲೆ ಹಾಡುವುದನ್ನು ಅವಳು ಪೂರ್ತಿ ಬಿಟ್ಟಳು. ಹೊಸದಾಗಿ ಸೇರಿದವರಿಗೆ, ಬಾಯೇ ಬಿಡದ ಈ ಹೆಂಗಸನ್ನು ಯಾಕೆ ರೇಡಿಯೋ ಎನ್ನುತ್ತಾರೆಂದು ಅರ್ಥವಾಗುತ್ತಿರಲಿಲ್ಲ. ತಮಾಷೆಗೆ ಇಟ್ಟ ಹೆಸರಿರಬೇಕು ಎಂದುಕೊಂಡರು. ಕೀಬೋರ್ಡಿನವನಿಗೆ ಬೇರೆ ಹುಡುಗಿ ಸಿಕ್ಕಿದ್ದಳು. ಅವಳೂ ಕತ್ತಿನ ನರ ಉಬ್ಬಿಸಿ ಹಾಡುತ್ತಾಳೆಂದು ಕೇಳಿ ರೇಡಿಯೋ ಹುಡುಕಿಕೊಂಡು ಹೋಗಿ ಟೀಚರ್ ವಿಳಾಸ ಕೊಟ್ಟು ಬಂದಳು. ಹುಡುಗಿ ಒಂದು ದಿನ ಬಂದಳು, ಹೊಟ್ಟೆಯ ಮೇಲೆ ಪುಸ್ತಕ ಇಟ್ಟುಕೊಂಡು ಕಿಸಕ್ಕನೆ ನಕ್ಕಳು, ಮತ್ತೆ ಬರಲಿಲ್ಲ. ಬೈಯಲು ರೇಡಿಯೋಗೆ ಯಾವ ಮುಖವಿತ್ತು?

ಇಸ್ತ್ರಿ ಉರುಳೆಯ ಹಿರಿಯಾಕೆ ನಿವೃತ್ತಳಾದ ದಿನ, ಯಂತ್ರಗಳನ್ನು ನಿಲ್ಲಿಸಿ ಎಲ್ಲರೂ ಮಡಿಸಿದ ಚಾದರಗಳ ಕೋಣೆಯಲ್ಲಿ ಸೇರಿದರು. ಮನೆಯವರನ್ನೂ ಕರೆದಿದ್ದರು. ಹಿರಿಯಾಕೆ ಬಿಡಲಿಲ್ಲ, ಹೋಗುವ ಮೊದಲು ಒಂದು ಹಾಡು ಕೇಳಿಸು ಎಂದಳು. ರೇಡಿಯೋ ಭುಜ ಇಳಿಬಿಟ್ಟು ನಿಂತು, ಅಷ್ಟೇನೂ ಮೇಲೆ ಹೋಗದ ಸಾಧಾರಣ ಹಾಡೊಂದನ್ನು ಹಾಡಿದಳು. ಚಾದರಗಳು ಸದ್ದನ್ನೆಲ್ಲ ಹೀರುತ್ತಿದ್ದವು. ಅವಳು ಜೋರು ಮಾಡಲಿಲ್ಲ. ಒಂದು ಸ್ವರವೂ ಜಾರಲಿಲ್ಲ, ಅದು ಅವಳಿಗೆ ಗೊತ್ತಿತ್ತು. ಮುಗಿದ ಮೇಲೆ ಹಿರಿಯಾಕೆ ಕೆನ್ನೆ ಸವರಿದಳು. ಚಪ್ಪಾಳೆ ಅಷ್ಟಕ್ಕಷ್ಟೆ ಇತ್ತು. ಯಾರೋ ಹಿಂದಿನಿಂದ, ಪಾಪ, ಮೊದಲಿನ ದನಿ ಹೋಗೇಬಿಡ್ತು ಎಂದರು. ಮೇಲ್ವಿಚಾರಕ ಬಂದು, ಹಳೆಯದನ್ನೇ ಹಾಡಬೇಕಿತ್ತು, ಅದರಲ್ಲಿ ಮಜಾ ಇತ್ತು ಎಂದು ಹೇಳಿ ಹೋದ.

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಳು. ತಪ್ಪಾಗಿ ಹಾಡಿದಾಗ ಎದ್ದು ನಿಂತವರು ಸರಿಯಾಗಿ ಹಾಡಿದಾಗ ಪಾಪ ಎನ್ನುತ್ತಾರೆ. ಇಷ್ಟು ದಿನ ಚಾಪೆಯ ಮೇಲೆ ಉರುಳಾಡಿದ್ದು ಯಾರಿಗಾಗಿ? ಗಂಡ ಪಕ್ಕದಲ್ಲಿ ಟಿಕೆಟನ್ನು ಮಡಿಚುತ್ತ, ಬಿಚ್ಚುತ್ತ ಕೂತಿದ್ದ. ಅವಳು ಸಿಡುಕಿ, ನೀವಾದರೂ ಏನಾದರೂ ಹೇಳಬಾರದೇ ಎಂದಳು.

"ಎಲ್ಲಾ ಸರಿ ಇತ್ತು," ಎಂದ ಅವನು. "ಎರಡನೇ ಚರಣದ ಕೊನೇಲಿ ಮಾತ್ರ ಉಸಿರು ಸಾಲ್ಲಿಲ್ಲ. ಅಲ್ಲಿ ಸ್ವರಾನ ಒಂಚೂರು ಬೇಗ ಬಿಟ್ಟೆ."

ಅವಳು ಅವನನ್ನು ದುರುಗುಟ್ಟಿ ನೋಡಿದಳು. ಇಷ್ಟು ವರ್ಷಗಳಲ್ಲಿ ಅವಳ ಒಂದು ಹಾಡಿನ ಬಗ್ಗೆ ಅವನ ಬಾಯಿಂದ ಬಂದ ಮೊದಲ ಮಾತು, ಅದೂ ತಪ್ಪು ಹುಡುಕುವ ಮಾತು. ಆಮೇಲೆ ಮನಸ್ಸಿನಲ್ಲೇ ಆ ಸಾಲನ್ನು ಹಾಡಿ ನೋಡಿದಳು. ಹೌದು, ಬೇಗ ಬಿಟ್ಟಿದ್ದಳು. ಅವನು ಹೇಳಿದ್ದು ನಿಜ ಎಂಬುದರಿಂದಲೇ ಅವಳಿಗೆ ಇನ್ನಷ್ಟು ಕಿರಿಕಿರಿಯಾಯಿತು. ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು, ಅಡುಗೆಮನೆಯ ಬಾಗಿಲು ಹಾಕಿಕೊಂಡು, ಆ ಒಂದು ಸಾಲನ್ನು ಮತ್ತೆ ಮತ್ತೆ ಹಾಡಿದಳು. ಸರಿಬರಲಿಲ್ಲ. ಬಸ್ಸಿಗೆ ಹೊತ್ತಾಗುತ್ತಿತ್ತು. ಇನ್ನೊಂದು ಸಲ ಹಾಡಿದಳು.